ಹಟ್ಟಿಯಾಚೆಗೆ ರವಿಕಾಂತ

ರವಿಕಾಂತನಿಗೆ ಮುನ್ನೂರ ಹನ್ನೆರಡು ವರ್ಷ ವಯಸ್ಸು. ಅವನ ಮೇಲೆ ಹೇಮಾವತಿಗೆ ಸಿಟ್ಟು ಬರಲು ಶುರುವಾಗಿ ಹನ್ನೆರಡು ವರ್ಷ. ಮುನ್ನೂರು ವರ್ಷ ಬದುಕಿದವನಿಗೆ ಒಂದು ತೀರ್ಮಾನ ಮಾಡಲು ಬರುವುದಿಲ್ಲವೆಂದರೆ ಅವನಿಗೆ ಸಾವಿಲ್ಲದೆ ಇದ್ದು ಏನು ಬಂತು? ಕಚ್ಚುವುದಾದರೆ ಕಚ್ಚಬೇಕು, ಬಿಡುವುದಾದರೆ ಬಿಡಬೇಕು. ಇವನು ಎರಡನ್ನೂ ಮಾಡುವ ಪೈಕಿ ಅಲ್ಲ. ಹುಣ್ಣಿಮೆಗೊಂದು ಸಲ ಮಂದಾಕಿನಿಯ ಕೊರಳ ಹತ್ತಿರ ತುಟಿ ತರುವುದು, ಕಣ್ಣಲ್ಲಿ ನೀರು ತುಂಬಿಕೊಳ್ಳುವುದು, "ಬೇಡ ಮಂದಾ, ನನ್ನ ಶಾಪ ನಿನಗೆ ಬೇಡ" ಎಂದು ಮುಖ ಆಚೆಗೆ ತಿರುಗಿಸುವುದು. ಅದರ ಕೆಳಗೆ ದಪ್ಪಕ್ಷರದಲ್ಲಿ, ಮುಂದಿನ ವಾರಕ್ಕೆ.

'ಕೆಂಪು ತುಟಿಯ ಅರಸ' ಎಂಬ ಆ ಧಾರಾವಾಹಿ ವಾರಪತ್ರಿಕೆಯೊಂದರಲ್ಲಿ ಶುರುವಾದದ್ದು ತೊಂಬತ್ತೆರಡರಲ್ಲಿ. ಮನುಷ್ಯರ ನೆತ್ತರು ಕುಡಿದು ಬದುಕುವ ಒಬ್ಬ ಚೆಲುವ, ಅವನನ್ನು ಪ್ರೀತಿಸಿದ ಕಾಲೇಜು ಹುಡುಗಿ. ಅಷ್ಟೇ ಕಥೆ. ಬಿಸಿಲು ಬಿದ್ದರೆ ಸುಟ್ಟು ಬೂದಿಯಾಗುವವನಿಗೆ ಸೂರ್ಯನ ಹೆಸರಿಟ್ಟಾಗಲೇ ಆ ಲೇಖಕನ ಯೋಗ್ಯತೆ ಗೊತ್ತಾಗಬೇಕಿತ್ತು. ಈಗ ಏಳನೇ ಭಾಗ ನಡೆಯುತ್ತಿತ್ತು. ಮಂದಾಕಿನಿಗೆ ಅವತ್ತೂ ಇಪ್ಪತ್ತೆರಡು, ಇವತ್ತೂ ಇಪ್ಪತ್ತೆರಡು. ಅವಳ ಅಪ್ಪ ಒಂದನೇ ಭಾಗದಲ್ಲಿ ಸತ್ತವನು ನಾಲ್ಕನೇ ಭಾಗದಲ್ಲಿ ಕಾಫಿ ಕುಡಿಯಲು ಬಂದಿದ್ದ. ಪಿಶಾಚಿಯಾಗಿ ಬಂದಿದ್ದರೆ ಒಪ್ಪಬಹುದಿತ್ತು, ಇವನು ಬರೀ ಅಪ್ಪನಾಗಿಯೇ ಬಂದಿದ್ದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಹಾಗೆ ಬರೆದರೆ ಹೀಗಲ್ಲದೆ ಇನ್ನು ಹೇಗಾಗುತ್ತದೆ ಎಂದು ಹೇಮಾವತಿ ಹಲ್ಲು ಕಡಿಯುತ್ತಿದ್ದಳು.

ಇಷ್ಟೆಲ್ಲ ಬೈದುಕೊಂಡವಳು ಓದುವುದನ್ನು ಬಿಟ್ಟಳೇ ಅಂದರೆ ಅದೂ ಇಲ್ಲ. ಬಾಯಲ್ಲಿಟ್ಟ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ರವಿಕಾಂತನಲ್ಲಿ ಒಂದು ಗುಣವಿತ್ತು. ಮನೆಯವರು ಒಳಗೆ ಬಾ ಎನ್ನದೆ ಅವನು ಯಾರ ಹೊಸ್ತಿಲನ್ನೂ ದಾಟಲಾರ. ಅದು ಅವನ ಕುಲದ ಕಟ್ಟಳೆ. ಮಂದಾಕಿನಿಯ ಮನೆಯಲ್ಲಿ ಹಬ್ಬದ ಒಗ್ಗರಣೆ ಘಮಘಮಿಸುವಾಗ, ಎಲ್ಲರೂ ಸುತ್ತ ಕೂತು ನಗುವಾಗ, ಅವನು ಗೇಟಿನಾಚೆ ನಿಂತು ಸುಮ್ಮನೆ ನೋಡುತ್ತಿದ್ದ. ಆ ಪುಟವನ್ನು ಹೇಮಾವತಿ ಎಷ್ಟು ಸಲ ಓದಿದ್ದಳೋ ಲೆಕ್ಕವಿಲ್ಲ. ಯಾಕೆಂದರೆ ಅವಳು ಅದನ್ನು ಓದುತ್ತಿದ್ದದ್ದೂ ಹಟ್ಟಿಯ ಬೇಲಿಯ ಹೊರಗೆ ಕೂತೇ.

ಹೊಸದುರ್ಗದ ರಸ್ತೆಯಿಂದ ಎರಡು ಮೈಲಿ ಒಳಕ್ಕಿರುವ ಆ ಹಟ್ಟಿಯಲ್ಲಿ ನಲವತ್ತು ಮನೆ, ಮನೆಗಿಷ್ಟು ಕುರಿ, ಸುತ್ತ ಕಾರೆಮುಳ್ಳಿನ ಬೇಲಿ. ಬೇಲಿಯೊಳಗೆ ದೇವರಿದೆ. ಆದ್ದರಿಂದ ತಿಂಗಳಿಗೆ ಮೂರು ದಿನ ಹೆಂಗಸರು ಒಳಗಿರುವಂತಿಲ್ಲ. ಆಚೆ ಹುಣಸೆಮರದ ಹತ್ತಿರ ತೆಂಗಿನ ಗರಿ ಹೊದಿಸಿದ ಗುಡ್ಲು ಇದೆ, ಮುಟ್ಟಾದವರು ಅಲ್ಲಿ ಹೋಗಿ ಕೂರಬೇಕು. ಮುದ್ದೆ ಸಾರನ್ನು ಯಾರಾದರೂ ತಂದು ದೂರದಲ್ಲಿಟ್ಟು ಹೋಗುತ್ತಾರೆ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು.

ಹೇಮಾವತಿ ಹಿರಿಯೂರಿನಲ್ಲಿ ಬೆಳೆದವಳು. ಅವಳಪ್ಪ ಕೆಂಚಣ್ಣ ಸರ್ಕಾರಿ ಕಚೇರಿಯಲ್ಲಿ ಅಟೆಂಡರು. ಬಾಡಿಗೆ ಮನೆಯಲ್ಲಿ ಬೇಲಿ ಎಲ್ಲಿಂದ ಬರಬೇಕು, ಅವಳವ್ವ ಆ ಮೂರು ದಿನ ವರಾಂಡದ ಮೂಲೆಯಲ್ಲಿ ಕೂತರೆ ಮುಗಿಯಿತು. ಹಾಗೆ ಬೆಳೆದ ಹುಡುಗಿ ಮದುವೆಯಾಗಿ ಬಂದ ಮೊದಲ ತಿಂಗಳೇ ಗುಡ್ಲಿನ ಮುಂದೆ ಕೂತು ಅತ್ತಳು. ತವರಿಗೆ ಹೋಗುತ್ತೇನೆ, ಬಸ್ಸು ಹತ್ತಿಸಿ ಎಂದು ಹಟ ಹಿಡಿದಳು. ಗಂಡ ನಾಗರಾಜ್ ಚಿತ್ರದುರ್ಗ ಹೊಳಲ್ಕೆರೆ ಹೊಸದುರ್ಗ ಓಡಾಡುವ ಪ್ರೈವೇಟ್ ಬಸ್ಸಿನ ಕಂಡಕ್ಟರು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳು ಅವತ್ತೇ ಹೊರಟುಹೋಗುತ್ತಿದ್ದಳು. ಅವನು ದುರ್ಗದ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಒಂದು ವಾರಪತ್ರಿಕೆ ತಂದು ಬೇಲಿಯ ಮೇಲಿಂದ ಅವಳ ಮುಂದೆ ಹಾಕಿದ.

"ತಗ ಹೇಮ, ಓದ್ಕಂತ ಕುಂತ್ಕ. ಮೂರು ದಿನ ಹಂಗೇ ಹೋಗ್ತವೆ."

ಅದರಲ್ಲಿ ಧಾರಾವಾಹಿಯ ಮೊದಲನೇ ಕಂತು ಇತ್ತು. ಮೂರು ದಿನ ಹಂಗೇ ಹೋದವು.

ಅಲ್ಲಿಂದಾಚೆಗೆ ಅದೇ ಪದ್ಧತಿಯಾಯಿತು. ನಾಗರಾಜ್ ನಾಲ್ಕು ವಾರದ ಸಂಚಿಕೆಗಳನ್ನು ಬಸ್ಸಿನಲ್ಲೇ ಕೂಡಿಟ್ಟಿರುತ್ತಿದ್ದ, ಹೆಂಡತಿ ಹೊರಗಾದಳು ಎಂದು ಗೊತ್ತಾದ ಕೂಡಲೇ ತಂದು ಕೊಡುತ್ತಿದ್ದ. ಉಳಿದ ದಿನ ಅವಳಿಗೆ ಓದಲು ಪುರುಸೊತ್ತಾದರೂ ಎಲ್ಲಿತ್ತು? ನೀರು, ಹಿಟ್ಟು, ಕುರಿಮರಿ, ಮಗಳು. ಮನೆಯಲ್ಲಿ ಪುಸ್ತಕ ಹಿಡಿದು ಕೂತರೆ ಅತ್ತೆ ಬೋರಕ್ಕನ ಮುಖ ಹೇಗಾಗುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಗುಡ್ಲಿಗೆ ಹೋದ ಪುಸ್ತಕ ಮತ್ತೆ ಒಳಗೆ ಬರುವಂತಿಲ್ಲ, ಅದಕ್ಕೂ ಮೈಲಿಗೆ. ಆದ್ದರಿಂದ ಹನ್ನೆರಡು ವರ್ಷದ ರವಿಕಾಂತನೆಲ್ಲ ಗುಡ್ಲಿನಲ್ಲೇ ಒಂದು ತಗಡಿನ ಪೆಟ್ಟಿಗೆಯೊಳಗೆ ಬಿದ್ದಿದ್ದ.

ಅವಳ ಜೊತೆ ಹೊರಗಾದ ಹೆಂಗಸರಿಗೆ ಓದಲು ಬರುತ್ತಿರಲಿಲ್ಲ. ಹೇಮಾವತಿ ಗಟ್ಟಿಯಾಗಿ ಓದಬೇಕು, ಅವರು ಕೇಳಬೇಕು. ಕೇಳುವುದೇನು ಬಂತು, ಒಂದೊಂದು ಸಾಲಿಗೂ ಪಂಚಾಯ್ತಿ. ಅದರಲ್ಲೂ ಮುದ್ದಕ್ಕ ಎಂಬಾಕೆಯ ಬಾಯಿ ಊರಿಗೇ ದೊಡ್ಡದು.

"ಅಲ್ಲವ್ವ, ಸತ್ತೋನು ಎದ್ದು ಬಂದವ್ನೆ ಅಂದ್ರೆ ನಮ್ ಕಡೀಗೆ ಗುಡಿ ಕಟ್ತೀವಿ, ಮರಿ ಕಡೀತೀವಿ. ಇವ್ರು ನೋಡಿದ್ರೆ ಬೆಳ್ಳುಳ್ಳಿ ತೋರ್ಸಿ ಓಡಿಸ್ತಾರಲ್ಲೇ! ಒಂದು ಮರಿ ಕೊಟ್ಟಿದ್ರೆ ಅವ್ನು ಸುಮ್ಕೆ ನೆತ್ತರು ಕುಡ್ಕಂಡು ಕಾಯ್ಕಂಡಿರ್ತಿದ್ದ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗು ಬೇಲಿಯೊಳಕ್ಕೂ ಕೇಳಿಸುತ್ತಿತ್ತು.

ಒಂದು ದಿನ ಅದೇ ಮುದ್ದಕ್ಕ, ಓದು ಅರ್ಧಕ್ಕೆ ನಿಲ್ಲಿಸಿ ಕೇಳಿದಳು. "ಹೇಮವ್ವ, ಇಷ್ಟ್ ವರ್ಷದಾಗೆ ಆ ಮಂದಾಕಿನಿ ಒಂದ್ ಸಲನಾದ್ರೂ ಹೊರಗಾದ್ಲೇನೇ? ಹೊರಗಾದ್ರೆ ಆ ನೆತ್ತರು ಕುಡಿಯೋನು ಏನ್ ಮಾಡ್ತಾನೆ?"

ಯಾರೂ ನಗಲಿಲ್ಲ. ನಿಜವಲ್ಲವೇ? ಏಳು ಭಾಗ, ಆರುನೂರು ಕಂತು, ಬರೀ ನೆತ್ತರಿನದೇ ಮಾತು. ಆ ಒಂದು ನೆತ್ತರು ಮಾತ್ರ ಆ ಲೇಖಕನಿಗೆ ಗೊತ್ತೇ ಇರಲಿಲ್ಲ. ಹೇಮಾವತಿಗೆ ಮೈಯೆಲ್ಲ ಉರಿಯಿತು. ಅವತ್ತೇ ಕೂತು ಪತ್ರಿಕೆಗೆ ಎರಡು ಪುಟದ ಕಾಗದ ಬರೆದಳು. ನಿಮ್ಮ ಧಾರಾವಾಹಿಯನ್ನು ತಪ್ಪದೆ ಓದುತ್ತೇವೆ ಎಂದು ಮರ್ಯಾದೆಗೆ ಒಂದು ಸಾಲು ಹಾಕಿ, ಮುದ್ದಕ್ಕನ ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಕೇಳಿದ್ದಳು. ತಾವು ಎಲ್ಲಿ ಕೂತು ಓದುತ್ತೇವೆ ಎಂಬುದನ್ನೂ ಬರೆದಿದ್ದಳು. ಎರಡು ತಿಂಗಳ ಮೇಲೆ ಓದುಗರ ಪುಟದಲ್ಲಿ ಅಚ್ಚಾಯಿತು. 'ನಿಮ್ಮ ಧಾರಾವಾಹಿಯನ್ನು ತಪ್ಪದೆ ಓದುತ್ತೇವೆ. ಹೇಮಾವತಿ, ಹೊಸದುರ್ಗ.' ಅಷ್ಟೇ. ಅವಳು ಪತ್ರಿಕೆಯನ್ನು ಬೇಲಿಯ ಕಡೆ ಎಸೆದಳು. ಆಮೇಲೆ ಎದ್ದು ಹೋಗಿ ಎತ್ತಿಕೊಂಡು ಬಂದು ಆ ವಾರದ ಕಂತು ಓದಿದಳು.

ಕಥೆಯ ಹುಚ್ಚು ಹಟ್ಟಿಗೆಲ್ಲ ಹತ್ತಿತು. ಮುದ್ದಕ್ಕನಿಗೆ ಮುಟ್ಟು ನಿಂತುಹೋದ ಮೇಲೂ ಅವಳು ಬರುವುದನ್ನು ಬಿಡಲಿಲ್ಲ. ಗುಡ್ಲಿನವರನ್ನು ತಾಗುವಂತಿಲ್ಲ, ಆದ್ದರಿಂದ ಹುಣಸೆಮರದ ಬುಡದಲ್ಲಿ ಕೂತು, "ಜೋರಾಗ್ ಓದೇ, ಕೇಳ್ಸಲ್ಲ!" ಎಂದು ಕೂಗುತ್ತಿದ್ದಳು. ಪಕ್ಕದ ಮನೆಯ ಚಿತ್ತಪ್ಪನ ಹೆಂಡತಿ ರಂಜಿತಾ, ಹೊಸ ಮದುಮಗಳು, ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ರವಿಕಾಂತ ಈ ಸಲ ಕಚ್ಚಿಯೇ ಬಿಡುತ್ತಾನೆ ಎಂಬ ಸುದ್ದಿ ಕೇಳಿ, ಆಗದಿದ್ದರೂ ಆಗಿದೆ ಎಂದು ಅತ್ತೆಗೆ ಸುಳ್ಳು ಹೇಳಿ ಬಂದು ಗುಡ್ಲಿನಲ್ಲಿ ಕೂತಳು. ಮೂರು ದಿನ ಕೆಲಸ ತಪ್ಪಿತು, ಕಥೆ ಸಿಕ್ಕಿತು. ಪರೀಕ್ಷೆ ಮಾಡುವವರು ಯಾರು? ಹೊರಗಾದೆ ಎಂದವಳನ್ನು ಯಾರೂ ಮುಟ್ಟುವಂತೆಯೇ ಇಲ್ಲವಲ್ಲ. ರವಿಕಾಂತ ಕಚ್ಚಲಿಲ್ಲ, ಆ ಮಾತು ಬೇರೆ. ರಂಜಿತಾಳ ಸಾಹಸವನ್ನು ಹೆಂಗಸರು ನೀರಿನ ಕಟ್ಟೆಯಲ್ಲಿ ಹೇಳಿಕೊಂಡು ಹೇಳಿಕೊಂಡು ನಕ್ಕರು. ಪಕ್ಕದಲ್ಲಿ ಬಿಂದಿಗೆ ಹಿಡಿದು ನಿಂತಿದ್ದ ಸುಷ್ಮಿತಾಳನ್ನು ಯಾರೂ ಗಮನಿಸಲಿಲ್ಲ.

ಸುಷ್ಮಿತಾ ಹೇಮಾವತಿಯ ಒಬ್ಬಳೇ ಮಗಳು, ಏಳನೇ ಕ್ಲಾಸು. ಜೂನಿನಲ್ಲಿ ಅವಳನ್ನು ಹೊಸದುರ್ಗದ ಹೈಸ್ಕೂಲಿಗೆ ಹಾಕಬೇಕು. ಹೇಮಾವತಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಅದೊಂದೇ. ನಾಗರಾಜ್ ತನ್ನ ಬಸ್ಸಿನಲ್ಲೇ ಕರೆದುಕೊಂಡು ಹೋಗಿ ಬರುತ್ತೇನೆ ಎಂದಿದ್ದ. ಬೋರಕ್ಕ ಮಾತ್ರ ಒಂದು ಷರತ್ತು ಹಾಕಿದ್ದಳು.

"ದೊಡ್ಡೋಳಾಗೋ ತಂಕ ಹೋಗ್ಲಿ, ನಾನ್ ಬ್ಯಾಡ ಅನ್ನಲ್ಲ. ದೊಡ್ಡೋಳಾದ್ ದಿನಕ್ಕೇ ಶಾಲೆ ಮುಗೀತು. ಆಮೇಲೆ ಬಸ್ ಹತ್ತಿಸ್ಕೂಡ್ದು."

ಮಗಳು ಮೈನೆರೆಯುವುದು ತಡವಾಗಲಿ, ಎರಡು ವರ್ಷ ತಡವಾಗಲಿ, ಒಂದು ವರ್ಷವಾದರೂ ತಡವಾಗಲಿ ಎಂದು ಹೇಮಾವತಿ ಬೇಡಿಕೊಳ್ಳುತ್ತಿದ್ದಳು.

ಎರಡು ಸಾವಿರದ ನಾಲ್ಕು, ಫೆಬ್ರವರಿ ತಿಂಗಳು. ಹಿಂದಿನ ಸಂಚಿಕೆಯ ಕೊನೆಯಲ್ಲಿ ಪತ್ರಿಕೆಯವರು ಚೌಕಟ್ಟು ಹಾಕಿ ಅಚ್ಚು ಮಾಡಿದ್ದರು, ರವಿಕಾಂತನ ಅಂತಿಮ ನಿರ್ಧಾರ ಬರುವ ತಿಂಗಳು ಎಂದು. ಹಟ್ಟಿಯ ಹೆಂಗಸರ ಬಾಯಲ್ಲೆಲ್ಲ ಅದೇ ಮಾತು. ಹೇಮಾವತಿ ಹೊರಗಾಗಿ ಒಂದು ದಿನವಾಗಿತ್ತು. ಎರಡನೇ ದಿನ ಬೆಳಗ್ಗೆ ನಾಗರಾಜ್ ನಾಲ್ಕು ಸಂಚಿಕೆ ಕೊಟ್ಟು ಬಸ್ಸಿಗೆ ಹೋದ. ಅವತ್ತು ಗುಡ್ಲಿನಲ್ಲಿ ಅವಳೊಬ್ಬಳೇ, ಮರದ ಬುಡದಲ್ಲಿ ಮುದ್ದಕ್ಕ. ಓದಲು ಇನ್ನೇನು ಬಾಯಿ ತೆರೆಯಬೇಕು, ಬೇಲಿಯ ಬಾಗಿಲಿನಿಂದ ಸುಷ್ಮಿತಾ ಬಂದಳು. ಕಂಕುಳಲ್ಲಿ ಚಾಪೆ, ಕೈಯಲ್ಲಿ ತಟ್ಟೆ ಲೋಟ, ಮುಖದ ತುಂಬ ನಗು. ಅವಳ ಹಿಂದೆ ಹತ್ತು ಮಾರು ದೂರದಲ್ಲಿ ಬೋರಕ್ಕ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

"ಹೇಮವ್ವ, ನಿನ್ ಮಗಳು ದೊಡ್ಡೋಳಾದ್ಲು ಕಣೇ! ಮುದ್ದೀ, ಎದ್ದೇಳೇ, ಊರಾಗ್ ಹೋಗಿ ಹಿರಿಯೂರಿಗೆ ಒಂದ್ ಫೋನ್ ಮಾಡಿಸು. ಸೋದರಮಾವ ಬರ್ಬೇಕು, ಇವ್ಳಿಗೆ ಬ್ಯಾರೆ ಸೊಪ್ಪಿನ ಗುಡ್ಲು ಹಾಕ್ಬೇಕು."

ಮುದ್ದಕ್ಕ ಕಥೆಯನ್ನೂ ಮರೆತು ಓಡಿದಳು. ಬೋರಕ್ಕ ಒಳಕ್ಕೆ ಹೋದಳು. ಇನ್ನು ನಾಲ್ಕು ತಿಂಗಳಿತ್ತಲ್ಲ ದೇವರೇ, ಹೈಸ್ಕೂಲಿನ ಮೆಟ್ಟಿಲಾದರೂ ಹತ್ತಿಸುತ್ತಿದ್ದೆನಲ್ಲ ಎಂದು ಹೇಮಾವತಿಗೆ ಅಳು ಒತ್ತರಿಸಿ ಬಂತು. ಆದರೂ ತಾಯಿ ಮಾಡಬೇಕಾದ್ದನ್ನು ಮಾಡಬೇಕು. ಮಗಳನ್ನು ಗುಡ್ಲಿನೊಳಗೆ ಕರೆದುಕೊಂಡು ಹೋದಳು.

"ಹೊಟ್ಟೆ ನೋಯ್ತೈತೇನವ್ವ? ಎಲ್ಲಿ, ಲಂಗ ತೋರ್ಸು."

ಲಂಗದಲ್ಲಿ ಏನೂ ಇರಲಿಲ್ಲ. ಸುಷ್ಮಿತಾ ಕಿಸಕ್ಕನೆ ನಕ್ಕಳು.

"ಏನೂ ಆಗಿಲ್ಲ ಕಣವ್ವ. ಸುಮ್ನೆ ಅಂದೆ. ರಂಜಿತಕ್ಕ ಅನ್ಲಿಲ್ವಾ, ಹಂಗೆ. ಓದವ್ವ ಈಗ, ಕಚ್ಚಿದ್ನಾ?"

ಹೇಮಾವತಿಗೆ ಒಂದು ಗಳಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. "ನಿನ್ ಶಾಲೆ ಬಿಡಿಸ್ತಾರೆ ಕಣೇ ಮುಂಡೇದೆ! ಗೊತ್ತೈತೋ ಇಲ್ವೋ ನಿಂಗೆ?"

ಹುಡುಗಿಯ ಮುಖ ಸಣ್ಣದಾಯಿತು. ಅಷ್ಟು ದೂರ ಅವಳು ಯೋಚಿಸಿರಲಿಲ್ಲ. "ಮೂರು ದಿನ ಆದ್ಮೇಲೆ ಒಳಗೆ ಬಿಡ್ತಾರಲ್ವಾ... ನಂಗೂ ಇಲ್ಲಿರ್ಬೇಕು ಅನ್ನಿಸ್ತು. ನೀನು ಇಲ್ಲಿದ್ದಾಗ್ಲೇ ನಗೋದು ಕಣವ್ವ. ಮನೇಲಿ ನೀನು ನಗೋದೇ ಇಲ್ಲ."

ಹನ್ನೆರಡು ವರ್ಷದಲ್ಲಿ ಯಾವ ಕಂತೂ ಹೇಮಾವತಿಯನ್ನು ಹೀಗೆ ಕಚ್ಚಿರಲಿಲ್ಲ. ಅವಳು ಮಗಳ ಮುಖ ನೋಡಿದಳು, ಪೆಟ್ಟಿಗೆಯ ತುಂಬ ಇದ್ದ ಸಂಚಿಕೆಗಳನ್ನು ನೋಡಿದಳು. ಮೊದಲ ತಿಂಗಳು ಅತ್ತಿದ್ದಳು, ಹಟ ಹಿಡಿದಿದ್ದಳು. ಎರಡನೇ ತಿಂಗಳು ಯಾಕೆ ಅಳಲಿಲ್ಲ? ಮೂರನೇ ತಿಂಗಳು ಯಾಕೆ ತಾನಾಗಿಯೇ ಚಾಪೆ ಹಿಡಿದು ಬಂದಳು? ಇಲ್ಲದ ಒಬ್ಬನ ಮೇಲೆ ಸಿಟ್ಟು ಮಾಡಿಕೊಂಡು, ಇರುವವರ ಮೇಲೆ ಮಾಡಬೇಕಿದ್ದ ಸಿಟ್ಟನ್ನೆಲ್ಲ ಖರ್ಚು ಮಾಡಿಬಿಟ್ಟಿದ್ದಳು. ಅದರ ಫಲ ಎದುರಿಗೆ ಚಾಪೆ ಹಿಡಿದು ನಿಂತಿತ್ತು. ತನಗೆ ಗುಡ್ಲಿಗೆ ಬರಲು ಅಳು ಬಂದಿತ್ತು, ಮಗಳು ಸುಳ್ಳು ಹೇಳಿಕೊಂಡು ಬಂದಿದ್ದಳು.

ಅವಳು ಬೇಲಿಯ ಬಾಗಿಲಿಗೆ ಹೋಗಿ ನಿಂತು ಕೂಗಿದಳು. "ಅತ್ತೆ! ಇವ್ಳು ದೊಡ್ಡೋಳಾಗಿಲ್ಲ. ಕಥೆ ಕೇಳಾಕೆ ಸುಳ್ಳು ಹೇಳವ್ಳೆ. ಫೋನ್ ಗೀನ್ ಏನೂ ಬ್ಯಾಡ."

ಬೋರಕ್ಕ ಅಂಗಳದಲ್ಲೇ ನಿಂತಳು. ಸುತ್ತ ನಾಲ್ಕೈದು ಹೆಂಗಸರು ಸೇರಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಚಿತ್ತಪ್ಪ ಆಗಲೇ ಸೊಪ್ಪು ಕಡಿಯಲು ಮಚ್ಚು ಹಿಡಿದು ಹೊರಟಿದ್ದ.

"ಅವ್ಳಲ್ಲ ಸುಳ್ಳು ಹೇಳೋಳು, ನೀನು," ಎಂದಳು ಬೋರಕ್ಕ. "ನಿಂಗೆ ಮಗಳನ್ನ ಹೈಸ್ಕೂಲಿಗೆ ಕಳ್ಸೋ ಆಸೆ. ಅದ್ಕೆ ಆಗಿದ್ದನ್ನ ಆಗಿಲ್ಲ ಅಂತೀಯ."

"ನೀವೇ ಬಂದು ನೋಡ್ರಿ."

"ನಾನೆಂಗ್ ಬರ್ಲಿ? ನಾನೆಂಗ್ ಮುಟ್ಲಿ?"

"ಅವ್ಳು ಬಾಯ್ ಬಿಟ್ಟು ಹೇಳ್ತಾಳೆ ಕೇಳ್ರಿ."

"ಹೇಳ್ದೆ ಏನ್ಮಾಡ್ತಾಳೆ, ನೀನ್ ಹೇಳ್ಕೊಟ್ರೆ? ದೇವ್ರ ಮುಂದೆ ಆಟ ಆಡ್ಬ್ಯಾಡ ಹೇಮ. ಕರ್ಕಂಡ್ ಹೋಗಿ ಕೂರ್ಸು."

ಸುಷ್ಮಿತಾ ಅಳಲು ಶುರು ಮಾಡಿದ್ದಳು. ಸುಳ್ಳು ಹೇಳಿದೆ ಅಜ್ಜಿ, ಸುಳ್ಳು ಹೇಳಿದೆ ಎಂದು ಬಿಕ್ಕುತ್ತಿದ್ದಳು. ಅಂಗಳದ ಹೆಂಗಸರು, ಪಾಪ, ಮೊದಲನೇ ಸಲ ಹಂಗೇ ಅಳು ಬರ್ತೈತೆ ಎಂದು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಮುಟ್ಟಿದರೆ ತಾನೇ ನಿಜ ಗೊತ್ತಾಗುವುದು, ಮುಟ್ಟುವವರು ಯಾರೂ ಇಲ್ಲ. ಹೇಮಾವತಿ ಒಮ್ಮೆ ಹುಣಸೆಮರದ ಕಡೆ ನೋಡಿದಳು, ಒಮ್ಮೆ ಅಂಗಳದ ಕಡೆ ನೋಡಿದಳು. ಆಮೇಲೆ ಮಗಳ ಕೈ ಹಿಡಿದು ಬೇಲಿ ದಾಟಿ ಒಳಗೆ ಬಂದಳು.

ಹೆಂಗಸರು ಅಯ್ಯೋ ಎಂದು ಎರಡೂ ಕಡೆ ಸರಿದರು. ಯಾರೋ ಮಕ್ಕಳನ್ನು ಒಳಕ್ಕೆ ಎಳೆದುಕೊಂಡರು. ಹೇಮಾವತಿ ನೇರ ಅತ್ತೆಯ ಹತ್ತಿರ ಹೋಗಿ, ಅವಳ ತೋಳು ಹಿಡಿದು, ಮಗಳ ಕೈಯನ್ನು ಅವಳ ಕೈಗೆ ಕೊಟ್ಟಳು.

"ಈಗ ನಿಮ್ಗೂ ಮೈಲಿಗೆ ಆತು. ಮುಟ್ಟಿ ನೋಡ್ರಿ."

ಬೋರಕ್ಕ ಮೊಮ್ಮಗಳ ಕೈ ಬಿಡಲಿಲ್ಲ. ದನದ ಕೊಟ್ಟಿಗೆಯ ಮರೆಗೆ ಕರೆದುಕೊಂಡು ಹೋದಳು. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಹೊರಗೆ ಬಂದರು. ಹುಡುಗಿಯ ಕೆನ್ನೆಯ ಮೇಲೆ ಐದು ಬೆರಳು ಮೂಡಿದ್ದವು. ಚಿತ್ತಪ್ಪ ಮಚ್ಚು ಕೆಳಗಿಟ್ಟ.

"ಸುಳ್ಳೇ," ಎಂದಳು ಬೋರಕ್ಕ, ಯಾರ ಮುಖವನ್ನೂ ನೋಡದೆ. ಆಮೇಲೆ ದನಿ ತಗ್ಗಿಸಿದಳು. "ಆತು ಬಿಡು. ತಲೆಗ್ ನೀರ್ ಹಾಕಿ ಒಳಗೆ ಕರ್ಕಂತೀನಿ. ನಾನೂ ಹಾಕ್ಕಂತೀನಿ. ಶಾಲೆಗೂ ಹೋಗ್ಲಿ. ನೀನ್ ನಡಿ ಆಚೆಗೆ, ನಿಂದು ಇನ್ನೂ ಐತೆ. ಇದನ್ನ ಇಲ್ಲಿಗೇ ಬಿಡಾಣ."

ಒಳ್ಳೆಯ ಮಾತೇ. ಬೋರಕ್ಕನ ಬಾಯಿಂದ ಅದಕ್ಕಿಂತ ಒಳ್ಳೆಯ ಮಾತು ಬರಲು ಸಾಧ್ಯವಿರಲಿಲ್ಲ. ಜೂನ್ ಉಳಿಯಿತು, ಮಗಳು ಉಳಿದಳು, ಎರಡು ಬಕೆಟ್ ನೀರಿನಲ್ಲಿ ಎಲ್ಲ ತೊಳೆದುಹೋಗುತ್ತಿತ್ತು. ಆಚೆ ಗುಡ್ಲಿನಲ್ಲಿ ನಾಲ್ಕು ಸಂಚಿಕೆ ಹಾಗೇ ಬಿದ್ದಿದ್ದವು. ಸುಳ್ಳು ಯಾಕೆ ಹೇಳಬೇಕು, ಹೇಮಾವತಿಗೆ ಆ ಗಳಿಗೆಯಲ್ಲೂ ಅದು ನೆನಪಾಯಿತು. ಹೋಗಿ ಕೂತರೆ ರವಿಕಾಂತ ಕಚ್ಚಿದನೋ ಇಲ್ಲವೋ ಸಂಜೆಯೊಳಗೆ ಗೊತ್ತಾಗುತ್ತಿತ್ತು.

"ಸುಷ್ಮಿ ನಿಜವಾಗ್ಲೂ ದೊಡ್ಡೋಳಾದಾಗ?" ಎಂದು ಕೇಳಿದಳು.

"ಆಗ ಹೋಗ್ತಾಳೆ. ನೀನ್ ಹೋಗ್ಲಿಲ್ವಾ?"

ಹೇಮಾವತಿ ತನ್ನ ಮನೆಯ ಜಗಲಿಯವರೆಗೆ ನಡೆದು ಅದರ ಮೇಲೆ ಕೂತಳು. ಎರಡೂ ಕೈಯಿಂದ ಮಂಡಿ ಹಿಡಿದುಕೊಂಡಳು.

"ಅವಾಗ್ಲೂ ಹೋಗಲ್ಲ ಅತ್ತೆ. ನಾನೂ ಇನ್ ಮ್ಯಾಲೆ ಹೋಗಲ್ಲ."

"ಒಳಗೆ ದೇವ್ರು ಐತೆ ಕಣೇ!"

"ಇರ್ಲಿ. ಗುಡಿಗೆ ನಾನ್ ಬರಲ್ಲ. ನನ್ ಮನೇಗೆ ಬಂದೀನಿ."

ಹೆಂಗಸರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಗಂಡಸರು ಬರುತ್ತಾರೆ, ಪಂಚಾಯ್ತಿ ಸೇರುತ್ತದೆ, ನಾಗರಾಜ್ ಏನು ಹೇಳುತ್ತಾನೋ ಗೊತ್ತಿಲ್ಲ. ಅದೆಲ್ಲ ಅವಳಿಗೆ ತಿಳಿದೇ ಇತ್ತು, ಹೆದರಿಕೆಯೂ ಆಗುತ್ತಿತ್ತು. ಸುಷ್ಮಿತಾ ಬಂದು ಅವಳ ಪಕ್ಕ ಕೂತಳು. ಬೋರಕ್ಕ ಅಂಗಳದ ನಡುವೆ ಬಿಸಿಲಿನಲ್ಲೇ ನಿಂತಿದ್ದಳು. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಹೇಮಾವತಿ ಕಾಯುತ್ತಿದ್ದಳು.

"ಮೂವತ್ತೈದು ವರ್ಷ ಕುಂತೆ ಅಲ್ಲಿ," ಎಂದಳು ಬೋರಕ್ಕ ಕೊನೆಗೆ. "ನಂಗ್ಯಾರೂ ಒಂದ್ ಕಥೆನೂ ಹೇಳ್ಲಿಲ್ಲ."

ಹೇಮಾವತಿ ಮಗಳ ಕಡೆಗೆ ಸರಿದು ಜಗಲಿಯ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಬೋರಕ್ಕ ಬಂದು ಕೂರಲಿಲ್ಲ. ಆಚೆಗೆ ಹೋಗು ಅಂತಲೂ ಅನ್ನಲಿಲ್ಲ.